ಒಂದೆತ್ತಿನ ಮನೆಗಳು

ನಮ್ಮ ಮನೆಯಲ್ಲಿ ಒಂದೇ ಎತ್ತು ಇತ್ತು. ಶಾಂತಯ್ಯನವರ ಮನೆಯಲ್ಲೂ ಒಂದೇ. ನಮ್ಮ ಹಂಡ್ಯಾ ಬಲಗೋಲಿನದು, ಅಂದರೆ ನೊಗದ ಬಲಕ್ಕೆ ಹೂಡಿದರೆ ಮಾತ್ರ ನಡೆಯುವಂಥದು. ಅವರ ಮಾಣಿಕ ಎಡಗೋಲಿನದು. ಬಿತ್ತಿಗೆ ಬಂತೆಂದರೆ ಎರಡೂ ಸೇರಿ ಒಂದು ಜೋಡಿ. ಒಂದು ವರ್ಷ ಮೊದಲು ಅವರ ಹೊಲ, ಆಮೇಲೆ ನಮ್ಮದು. ಮರುವರ್ಷ ಮೊದಲು ನಮ್ಮದು. ಶಹರದ ಅಂಚಿನ ಬೆಂಗೇರಿ ದಾಟಿದ ಮೇಲೆ ರಸ್ತೆಗೆ ಹತ್ತಿ ನಮ್ಮ ಮೂರು ಎಕರೆ, ಅದರ ಬದುವಿಗೆ ಅವರ ನಾಲ್ಕು ಎಕರೆ. ಬದುವಿನ ಮೇಲೆ ಒಂದು ಬೇವಿನ ಗಿಡ. ಅದು ಯಾರದೆಂದು ಯಾರೂ ಕೇಳಿರಲಿಲ್ಲ.

ಹೀಗೆ ಒಂದೊಂದೇ ಎತ್ತು ಕಟ್ಟಿಕೊಂಡು ಜೋಡಿ ಮಾಡಿಕೊಳ್ಳುವ ಮನೆಗಳು ನಮ್ಮ ಕಡೆ ಮೊದಲು ಸಾಕಷ್ಟು ಇದ್ದವು. ೧೯೯೮ರ ಹೊತ್ತಿಗೆ ನಾವು ಎರಡು ಮನೆಯವರೇ ಉಳಿದಿದ್ದೆವು. ಉಳಿದವರ ಹೊಲಗಳಲ್ಲಿ ಸುಣ್ಣ ಬಳಿದ ಪ್ಲಾಟಿನ ಕಲ್ಲುಗಳು ನಿಂತಿದ್ದವು. ಕೆಲವು ಕಡೆ ಮನೆಗಳೇ ಎದ್ದಿದ್ದವು.

ಹೊಲ ನನ್ನ ಅಜ್ಜ ಮೈಲಾರಲಿಂಗಪ್ಪನ ಹೆಸರಿನಲ್ಲಿತ್ತು. ಅಪ್ಪ ಬೀರಲಿಂಗ ಅರಳೆ ಪೇಟೆಯ ಸಾಹುಕಾರರೊಬ್ಬರ ಟೆಂಪೋ ಓಡಿಸುತ್ತಿದ್ದ. ಪರಮೇಶ ಕಾಕಾ ಕಮರಿಪೇಟೆಯಲ್ಲಿ ಅರ್ಧ ಅಂಗಡಿ ಬಾಡಿಗೆ ಹಿಡಿದು ಪಂಪಿನ ಮೋಟಾರು ಕಟ್ಟುತ್ತಿದ್ದ. ಬಿತ್ತುವಾಗ ಕೂರಿಗೆ ಹಿಡಿಯುವುದು ಅಜ್ಜನ ಕೆಲಸ, ಅದೊಂದನ್ನು ಬಿಟ್ಟು ಹೊಲದ ಉಳಿದೆಲ್ಲ ಕೆಲಸ ನನ್ನ ಅವ್ವ ಲಕ್ಷ್ಮಿಯದು. ಬಾವಿಯ ದಂಡೆಗೆ ಅವಳು ಮೆಂತ್ಯ, ರಾಜಗಿರಿ, ಪುಂಡಿಯ ಮಡಿಗಳನ್ನು ಮಾಡಿಕೊಂಡಿದ್ದಳು. ಬೆಳಗಾಗುತ್ತಲೇ ಬುಟ್ಟಿ ಹೊತ್ತು ಹೊಸ ಬಡಾವಣೆಯ ಮನೆಗಳಿಗೆ ಮಾರಿ ಬರುತ್ತಿದ್ದಳು. ನಾನು ಬಿ.ಎ. ಓದಿದ್ದು ಆ ಬುಟ್ಟಿಯ ಮೇಲೆ. ಈಗ ಓದು ಮುಗಿಸಿ ಮನೆಯಲ್ಲಿದ್ದೆ. ಹೆಚ್ಚು ಮಾತಾಡುವವಳಲ್ಲವೆಂದು ಎಲ್ಲರೂ ಎಲ್ಲವನ್ನೂ ನನ್ನೆದುರಿಗೇ ಮಾತಾಡುತ್ತಿದ್ದರು.

ಬುಟ್ಟಿಯ ಗಿರಾಕಿಗಳಲ್ಲಿ ಸಿದ್ದಪ್ಪನ ಹೆಂಡತಿ ತಾರಾಬಾಯಿಯೂ ಒಬ್ಬಳು. ಸಿದ್ದಪ್ಪ ಹೊಲ ಮಾರಿ ಅದೇ ಹೊಲದ ಮೂಲೆಯಲ್ಲಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದ. ಮೊದಲು ತಾರಾಬಾಯಿ ತನ್ನ ಹೊಲದ ಕೊತ್ತಂಬರಿಯನ್ನು ಹಾದುಹೋಗುವವರ ಉಡಿಗೆ ಸುಮ್ಮನೆ ಹಾಕಿ ಕಳಿಸುತ್ತಿದ್ದಳು. ಈಗ ಅವ್ವನ ಸೊಪ್ಪಿನ ಸೂಡನ್ನು ತಿರುಗಿಸಿ ನೋಡಿ, ಸಣ್ಣದಾಯಿತು ಎಂದು ಚೌಕಾಸಿ ಮಾಡುತ್ತಿದ್ದಳು. ಅವ್ವ ಮನೆಗೆ ಬಂದು ಇದನ್ನು ನಗುತ್ತಲೂ ಹೇಳುತ್ತಿರಲಿಲ್ಲ, ಬೇಸರದಿಂದಲೂ ಹೇಳುತ್ತಿರಲಿಲ್ಲ. ಬರೀ ಹೇಳುತ್ತಿದ್ದಳು.

ಆ ವರ್ಷ ಕಾರ ಹುಣ್ಣಿಮೆಯ ದಿನ ಎತ್ತುಗಳ ಕೋಡಿಗೆ ಬಣ್ಣ ಹಚ್ಚುವುದು ನಮ್ಮ ಅಂಗಳದಲ್ಲಿ. ಹಂಡ್ಯಾನಿಗೆ ಕೆಂಪು, ಮಾಣಿಕನಿಗೆ ಹಸಿರು. ಶಾಂತಯ್ಯನವರು, ನಮ್ಮ ಮನೆಯವರ ಬಾಯಲ್ಲಿ ಅಯ್ಯನವರು, ಎತ್ತು ಬಿಟ್ಟು ಹೋದ ಸ್ವಲ್ಪ ಹೊತ್ತಿಗೆ ಹೊಳೆಯಪ್ಪ ಲೂನಾ ಮೇಲೆ ಬಂದ. ಪ್ಲಾಟು ಮಾಡುವವರಿಗೆ ಹೊಲ ಹುಡುಕಿ ಕೊಡುವುದು ಅವನ ದಂಧೆ. ಅಜ್ಜಿ ಹುಲಿಗೆವ್ವ ಅವನಿಗೆ ಹೋಳಿಗೆ ಬಡಿಸಿದಳು. ತಿನ್ನುತ್ತ ಅವನು ವಿಷಯ ಹೇಳಿದ. ಅಯ್ಯನವರ ಹೊಲಕ್ಕೆ ರಸ್ತೆಯಿಲ್ಲ, ನಮ್ಮ ಹೊಲಕ್ಕೆ ಅಗಲವಿಲ್ಲ. ಎರಡೂ ಕೂಡಿದರೆ ಮಾತ್ರ ಬಡಾವಣೆ ಆಗುತ್ತದೆ. ಕೂಡಿದರೆ ಒಳ್ಳೆಯ ರೇಟು, ಒಂದೊಂದೇ ಆದರೆ ಯಾರಿಗೂ ಬೇಡ.

“ಅಯ್ಯಾರು ಹೂಂ ಅಂದಾರ. ಇನ್ನ ನಿಮ್ಮದs ಬಾಕಿ,” ಎಂದ.

ಅಜ್ಜ ಕುಂಚವನ್ನು ಡಬ್ಬಿಯೊಳಗೆ ಅದ್ದಿದ. “ಅವರ ಮನಿಗೆ ಹೋಗಿ ನಾ ಹೂಂ ಅಂದೇನಿ ಅಂತ ಹೇಳಿರ್ತಿ. ಹೌದಿಲ್ಲೋ?”

ಹೊಳೆಯಪ್ಪ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಅವನ ಮಾತನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಮಾತು ಹೋಗಲೂ ಇಲ್ಲ. ಆ ವಾರವೆಲ್ಲ ಊಟಕ್ಕೆ ಕುಳಿತಾಗಲೊಮ್ಮೆ ಅದೇ. ಕಾಕಾನಿಗೆ ಕುಂದಗೋಳದ ಕಡೆಯಿಂದ ಒಂದು ಹೆಣ್ಣು ಬಂದಿತ್ತು. ಹೆಣ್ಣಿನವರು ಬಂದು ನಮ್ಮ ಹೆಂಚಿನ ಮನೆ ನೋಡಿದರು, ಒಂದೇ ಎತ್ತನ್ನು ನೋಡಿದರು, ಆಮೇಲೆ ಹೇಳಿಕಳಿಸುತ್ತೇವೆಂದು ಹೋಗಿದ್ದರು. ಸ್ವಂತ ಅಂಗಡಿಯಾದರೂ ಇದ್ದರೆ ನೋಡೋಣ ಎಂದು ಮಧ್ಯಸ್ಥರ ಬಾಯಿಂದ ಮಾತು ಬಂತು. ಅಪ್ಪನಿಗೆ ತನ್ನದೇ ಟೆಂಪೋ ಬೇಕಾಗಿತ್ತು. ಅಜ್ಜಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಆದರೆ ಅವಳು ಎಲ್ಲರ ಮಾತಿಗೂ ಬಾಯಿ ಹಾಕುತ್ತಿದ್ದಳು.

“ಹಗಲಿಡೀ ಮಂದಿ ಮೋಟಾರ ಕಟ್ಟೂದು, ಸಂಜಿಗೆ ಮನಿಗೆ ಬಂದು ಮುಖ ಕಟ್ಕೊಂಡ ಕುಂದ್ರೂದು,” ಎಂದಳು ಕಾಕಾನಿಗೆ. “ಮೂವತ್ತೊಂದ ವರ್ಷಾದ್ವು. ಇನ್ನ ಹೆಣ್ಣಲ್ಲ, ಹೆಣ್ಣಿನ ಅವ್ವ ಸಿಗ್ತಾಳ ನಿನಗ.”

“ನನ್ನ ಕೈಯಾಗ ಏನೈತಿ ಬೇ? ಹೊಲದಾಗ ಐತಿ ಎಲ್ಲಾ. ಹೊಲ ನೋಡಿದ್ರ ವರ್ಷಕ್ಕ ನಾಕ ಚೀಲ ಜ್ವಾಳ.”

“ಆ ನಾಕ ಚೀಲದ ರೊಟ್ಟಿನs ನೀ ಈಗ ತಿನ್ನಾಕತ್ತೀದಿ,” ಎಂದ ಅಜ್ಜ.

ಕಾಕಾ ರೊಟ್ಟಿಯನ್ನು ಗಂಗಾಳದಲ್ಲಿ ಬಿಟ್ಟ. ಅವ್ವ ಅದರ ಮೇಲೆ ಪಲ್ಯ ಬಡಿಸಿದಳು. ಅವನು ಮತ್ತೆ ತಿನ್ನತೊಡಗಿದ.

ಬಿತ್ತಿಗೆಯಾದ ಮೇಲೆ ಅಜ್ಜನ ಮೊಣಕಾಲು ಊದಿಕೊಂಡಿತು. ಎರಡು ದಿನ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ. ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕಿದ್ದಾಗ ತಾನಾಗಿಯೇ ಮಾತು ತೆಗೆದ.

“ಕೂರಿಗಿ ಹಿಡಿಯಾಕ ಇನ್ನ ಆಗೂದಿಲ್ಲ ನನಗ. ಬೀರಲಿಂಗ ಹಿಡಿಯೂದಿಲ್ಲ, ಪರಮೇಶ ಹಿಡಿಯೂದಿಲ್ಲ. ಅಯ್ಯಾರು ಹೂಂ ಅಂದ್ರ ನಾನೂ ಹೂಂ. ಅವರು ಒಲ್ಲೆ ಅಂದ್ರ ನಾನೂ ಒಲ್ಲೆ. ಅವರನ್ನ ಒಂದೆತ್ತಿನ ಮ್ಯಾಲೆ ಬಿಟ್ಟು ನಾ ಮಾರೂದಿಲ್ಲ.”

ಅಪ್ಪ, ಹಾಗಾದರೆ ಇವತ್ತೇ ಹೋಗಿ ಅಯ್ಯನವರನ್ನು ಕೇಳು ಎಂದ. ಅಜ್ಜ ಆಗದೆಂದು ತಲೆಯಾಡಿಸಿದ. ಒಂದೇ ನೊಗಕ್ಕೆ ಎತ್ತು ಹೂಡುವ ಗಂಡಸರು ಹೊಲ ಮಾರುತ್ತೀಯಾ ಎಂದು ಒಬ್ಬರನ್ನೊಬ್ಬರು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಜೋಡಿ ಮುರಿಯಲು ಬಂದನೆಂದು ಅರ್ಥ. ಅಂಥ ಮಾತು ಅಡುಗೆಮನೆಯಿಂದ ಅಡುಗೆಮನೆಗೆ ಹೋಗಿ ಬರಬೇಕು.

“ಲಕ್ಷ್ಮೀ, ನಾಳೆ ಅವರ ಮನಿಗೆ ಹೋಗು. ಅಮ್ಮಾರ ಕಡೆ ಮಾತ ತಗದ ನೋಡು. ಅಯ್ಯಾರ ಮನಸಿನ್ಯಾಗ ಏನೈತಿ ತಿಳ್ಕೊಂಡ ಬಾ.”

“ಹೂನ್ರಿ, ಮಾವಾರ,” ಎಂದಳು ಅವ್ವ.

ಮರುದಿನ ಅವ್ವ ಒಂದು ಸೂಡು ಮೆಂತ್ಯ ಹಿಡಿದು ಹೊರಟಳು. ನನ್ನನ್ನೂ ಕರೆದಳು. ಶಾಂತಯ್ಯನವರ ಹೆಂಡತಿ ಶರಣವ್ವ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ನಾವೂ ಕುಳಿತು ಮೊರದಲ್ಲಿ ಕೈಯಿಟ್ಟೆವು. ಅವರ ಮಗ ಗುರುಪಾದನ ಹೆಂಡತಿ ತವರಿಗೆ ಹೋಗಿದ್ದು, ಹೊಸ ನಳದಲ್ಲಿ ನೀರು ಬಾರದ್ದು, ಇವೆಲ್ಲ ಆದವು. ಹೆಸರು ಅರ್ಧ ಮುಗಿದ ಮೇಲೆ ಅವ್ವ, ಹೊಳೆಯಪ್ಪ ಇಲ್ಲಿಗೂ ಬಂದಿದ್ದನಂತೆ ಎಂದಳು.

“ಬಂದಿದ್ದ. ಗುರುಪಾದ ಅವನ ಬೆನ್ನ ಹಿಂದ ತಿರಗಾಕತ್ತಾನ. ನಮ್ಮವರು ಏನಂದ್ರು ಗೊತ್ತೈತೇನು? ಮೈಲಾರಪ್ಪ ಹೂಂ ಅಂದ್ರ ನಾನೂ ಹೂಂ, ಅಂವಾ ಒಲ್ಲೆ ಅಂದ್ರ ಒಲ್ಲೆ. ನಿನ್ನ ಕಡೆ ಮಾತ ತಗದ ನೋಡು ಅಂತ ನನಗ ಹೇಳ್ಯಾರ.”

ಅವ್ವನ ಕೈ ಮೊರದಲ್ಲಿ ಆಡುತ್ತಲೇ ಇತ್ತು. ಒಂದು ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು.

“ನಮ್ಮ ಮಾವಾರೂ ಹಂಗs ಅಂದಾರ್ರಿ, ಅಮ್ಮಾರ.”

ಶರಣವ್ವ ನಕ್ಕರು. ನಗು ಬೇಗ ನಿಂತಿತು. ಶರಣವ್ವ ನಿಧಾನಕ್ಕೆ, ಹೊಲವಿದ್ದರೆ ಗಂಡಸರು ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗುತ್ತಾರೆ, ಸಿದ್ದಪ್ಪ ನೋಡು, ದಿನವಿಡೀ ತಾರಾಬಾಯಿಯ ಒಲೆಯ ಮುಂದೆ ಕುಳಿತು ಉಪ್ಪು ಕಡಿಮೆ, ಖಾರ ಹೆಚ್ಚು ಎನ್ನುತ್ತಾನೆ ಎಂದರು. ಅವ್ವ ತನ್ನ ಮಡಿಗಳ ಮಾತು ಎತ್ತಲಿಲ್ಲ. ಎತ್ತುವ ಅವಶ್ಯಕತೆಯೂ ಇರಲಿಲ್ಲ. ಮೆಂತ್ಯದ ಸೂಡು ಅಲ್ಲೇ ನಡುವೆ ಇತ್ತು.

“ನೀ ಮನ್ಯಾಗ ಏನ ಹೇಳ್ತಿ?” ಎಂದು ಶರಣವ್ವ ಕೇಳಿದರು.

“ನೀವ ಏನ ಹೇಳ್ತೀರಿ?”

“ಮೈಲಾರಪ್ಪ ಒಲ್ಲೆ ಅಂದಾನಂತ ಅಂತೇನಿ.”

“ಹಂಗಾದ್ರ ನಾನೂ ಹಂಗs,” ಎಂದಳು ಅವ್ವ.

ಉಳಿದ ಹೆಸರು ಮುಗಿಸಿಯೇ ಎದ್ದೆವು. ದಾರಿಯಲ್ಲಿ ಅವ್ವ ನನಗೆ, ಯಾರಿಗೂ ಹೇಳಬೇಡ ಎಂದೂ ಹೇಳಲಿಲ್ಲ.

ಅಜ್ಜ ಕಟ್ಟೆಯ ಮೇಲೆ ಕಾದಿದ್ದ. ಅಯ್ಯನವರು ಒಲ್ಲೆ ಅನ್ನುತ್ತಾರಂತೆ ಎಂದು ಅವ್ವ ಹೇಳಿದಳು. ಅಜ್ಜ, “ಹಂಗಾದ್ರ ಆತು,” ಎಂದು ಎದ್ದು ಹಂಡ್ಯಾನಿಗೆ ಕಣಿಕೆ ಹಾಕಲು ಹೋದ. ಸಂಜೆ ಅಪ್ಪ ಬಂದು ಕೇಳಿದ, ಕಾಕಾ ಬಂದು ಕೇಳಿದ. ಇಬ್ಬರಿಗೂ ಅವ್ವ ಅದನ್ನೇ ಹೇಳಿದಳು. ಮೂರನೆಯ ಸಲ ಹೇಳುವಾಗ ಅದು ನಿಜವಾಗಿ ನಡೆದ ಮಾತಿನ ಹಾಗೇ ಕೇಳಿಸಿತು.

ಆಮೇಲಿನ ವಾರಗಳಲ್ಲಿ ಮನೆಯ ಹದ ಕೆಟ್ಟಿತು. ಕುಂದಗೋಳದವರು ಬೇರೆ ಕಡೆ ಹೆಣ್ಣು ಕೊಟ್ಟರೆಂದು ಸುದ್ದಿ ಬಂತು. ಕಾಕಾ ರಾತ್ರಿಯ ಊಟವನ್ನು ಖಾನಾವಳಿಯಲ್ಲಿ ಮುಗಿಸಿ ಬರತೊಡಗಿದ. ಅಜ್ಜನೊಡನೆ ಮಾತು ಬಿಟ್ಟ. ಹೇಳುವುದಿದ್ದರೆ ಎತ್ತಿಗೆ ಹೇಳುತ್ತಿದ್ದ: “ನಿನ್ನ ದೆಸಿಂದ ನನ್ನ ಮದುವಿ ನಿಂತೈತಿ ನೋಡಲೇ ಹಂಡ್ಯಾ.” ಅಜ್ಜನೂ ಎತ್ತಿಗೇ ಉತ್ತರ ಹೇಳುತ್ತಿದ್ದ: “ಎತ್ತಿಗೂ ಜೋಡಿ ಐತಿ. ಜೋಡಿ ಇಲ್ಲದ್ದು ಮನಷ್ಯಾಗ.” ಅಜ್ಜಿ ನಗುತ್ತಿದ್ದಳು, ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಂಗಡಿಯ ಇನ್ನರ್ಧ ಖಾಲಿಯಾಗುತ್ತದೆ, ಮುಂಗಡ ಕೊಟ್ಟರೆ ಪೂರ್ತಿ ಹಿಡಿಯಬಹುದು ಎಂದು ಕಾಕಾ ಒಮ್ಮೆ ಅಪ್ಪನೆದುರು ಅಂದಿದ್ದ. ಅಪ್ಪ ತನ್ನ ಖಾಲಿ ಜೇಬು ತೋರಿಸಿದ್ದ. ಪಂಚಮಿಯ ಮರುದಿನ ಅವ್ವ ಸಾಸಿವೆ ಡಬ್ಬಿಯಿಂದ ಸೊಪ್ಪಿನ ದುಡ್ಡನ್ನು ತೆಗೆದು, ಕರವಸ್ತ್ರದಲ್ಲಿ ಕಟ್ಟಿ ಕಾಕಾನ ಕೈಗೆ ಕೊಟ್ಟಳು. ಅದು ನನ್ನ ಮದುವೆಗೆಂದು ಇಟ್ಟದ್ದೆಂದು ನನಗೆ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ಅವನು ಬಹಳ ಹೊತ್ತು ಬೇಡವೆಂದ.

“ಈ ಮನ್ಯಾಗ ನನ್ನ ಸಂಕಟ ತಿಳ್ಕೊಂಡವರು ನೀವೊಬ್ಬರs, ವೈನಿ,” ಎಂದ ಕೊನೆಗೆ.

ಅವ್ವ ಡಬ್ಬಿಯ ಮುಚ್ಚಳ ಹಾಕಿ, ಕೆಳಗೆ ಚೆಲ್ಲಿದ ಸಾಸಿವೆ ಬಳಿದಳು.

ಭಾದ್ರಪದದಲ್ಲಿ ಒಂದು ವಾರ ಹಿಡಿದು ಮಳೆಯಾಯಿತು. ಸಿದ್ದಪ್ಪನ ಹೊಲವಾಗಿದ್ದ ಬಡಾವಣೆಯಲ್ಲಿ ಗಟಾರಕ್ಕೆಂದು ಆಳವಾಗಿ ಅಗೆದು ಬಿಟ್ಟಿದ್ದರು. ಅದರಲ್ಲಿ ಕೆಂಪು ನೀರು ತುಂಬಿ ನೆಲದ ಸಮಕ್ಕೆ ನಿಂತಿತ್ತು. ಹಿಂದೆ ನಮ್ಮ ಬಂಡಿ ದಾರಿ ಅಲ್ಲಿಂದಲೇ ಹಾಯುತ್ತಿತ್ತು. ದಾರಿ ಮುಚ್ಚಿ ವರ್ಷವಾಗಿದ್ದರೂ ಅಜ್ಜ ಎತ್ತಿನ ಹಗ್ಗವನ್ನು ಅದರ ಕೊರಳಿಗೆ ಸುತ್ತಿ ಮುಂದೆ ಬಿಟ್ಟು, ತಾನು ಹಿಂದಿನಿಂದ ಬರುವುದನ್ನು ಬಿಟ್ಟಿರಲಿಲ್ಲ. ಎತ್ತಿಗೆ ಮನೆ ಗೊತ್ತು ಎನ್ನುತ್ತಿದ್ದ. ಒಂದು ಸಂಜೆ ಹಂಡ್ಯಾ ತನಗೆ ಗೊತ್ತಿದ್ದ ಹಳೆಯ ದಾರಿಗೇ ತಿರುಗಿತು.

ಮುಂಗಾಲು ಮುರಿದಿತ್ತು. ಹತ್ತು ಜನ ಹಗ್ಗ ಹಾಕಿ ಮೇಲೆತ್ತಿದರು. ದನದ ಡಾಕ್ಟರು ಬಂದು ನೋಡಿ, ಇಂಜೆಕ್ಷನ್ ಕೊಟ್ಟು, ಆಸೆ ಇಟ್ಟುಕೊಳ್ಳಬೇಡಿ ಎಂದು ಹೋದರು. ಎರಡು ದಿನ ಅಂಗಳದಲ್ಲಿ ಬಿದ್ದುಕೊಂಡಿತ್ತು. ಕಾಕಾ ಅಂಗಡಿ ಮುಚ್ಚಿ ಬಂದು ಅದಕ್ಕೆ ಅಂಬಲಿ ಕುಡಿಸುತ್ತ ಕುಳಿತ. ಸತ್ತಮೇಲೆ ಬೇವಿನ ಗಿಡದ ಕೆಳಗೆ ಹುಗಿದರು.

ಮರುದಿನ ಶಾಂತಯ್ಯನವರು ಮಾತಾಡಿಸಲು ಬಂದರು. ಸತ್ತವರ ಮನೆಗೆ ಬಂದ ಹಾಗೇ ಬಂದು ಕಟ್ಟೆಯ ಮೇಲೆ ಕುಳಿತರು. ನಮ್ಮ ಮನೆಯಲ್ಲಿ ಅವರು ಚಹ ಬಿಟ್ಟು ಬೇರೇನೂ ತೆಗೆದುಕೊಳ್ಳುವವರಲ್ಲ. ನಾನು ಚಹ ಕೊಟ್ಟೆ. ಅಜ್ಜ ಎದುರಿಗೆ, ಕಾಕಾ ಬಾಗಿಲಲ್ಲಿ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಬಹಳ ಹೊತ್ತು ಹಂಡ್ಯಾನ ಮಾತೇ ಆಯಿತು. ಅದನ್ನು ಸಂತೆಯಲ್ಲಿ ಕೊಂಡಾಗ ಹಲ್ಲು ಎಣಿಸಿದವರು ಶಾಂತಯ್ಯನವರೇ.

“ಇನ್ನ ನಮ್ಮ ಕೈಲೆ ಆಗೂದಲ್ಲ ಬಿಡು, ಮೈಲಾರಪ್ಪ,” ಎಂದರು ಅವರು ಕಪ್ಪನ್ನು ಕೆಳಗಿಟ್ಟು. “ಅವತ್ತ ನೀ ಹೂಂ ಅಂದಿದ್ರ ಆ ಜೀವಕ್ಕ ಇಂಥಾ ಸಾವ ಬರ್ತಿರಲಿಲ್ಲ.”

“ಅವತ್ತ ಅಂದ್ರ?”

“ಕಾರ ಹುಣ್ವಿ ಆದ ಮ್ಯಾಲೆ. ನಾ ತಯಾರಿದ್ದೆ. ನೀ ಒಲ್ಲೆ ಅಂದಿ ಅಂತ ನಮ್ಮನ್ಯಾಗ ಹೇಳಿದ್ರು. ನಿನ್ನ ಬಿಟ್ಟ ನಾ ಹೆಂಗ ಮಾರ್ಲಿ ಅಂತ ಸುಮ್ಮನಾದೆ.”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಕಾಕಾ ಬಾಗಿಲು ಬಿಟ್ಟು ಒಂದು ಹೆಜ್ಜೆ ಹೊರಗೆ ಬಂದ. ಅಜ್ಜ ಹಂಡ್ಯಾನ ಖಾಲಿ ಗೂಟವನ್ನು ನೋಡುತ್ತಿದ್ದವನು ಅಲ್ಲಿಂದ ಕಣ್ಣು ತೆಗೆಯಲಿಲ್ಲ.

“ಹೌದ್ರಿ ಅಯ್ಯಾರ,” ಎಂದ. “ಒಲ್ಲೆ ಅಂದಿದ್ದೆ.”

“ಯಪ್ಪಾ, ನೀ ಅವತ್ತ…” ಎಂದು ಕಾಕಾ ಶುರು ಮಾಡಿದ.

“ಅಯ್ಯಾರ ಕಪ್ಪ ಒಳಗಿಡ ಹೋಗು, ಪರಮ್ಯಾ.”

ಶಾಂತಯ್ಯನವರು ಹೋಗುವವರೆಗೆ ಬೇರೆ ಮಾತೇ ನಡೆಯಿತು. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಹಂಚಿನ ಮೇಲಿದ್ದದ್ದು ಹೊತ್ತಿ ಮನೆಯೆಲ್ಲ ವಾಸನೆ ಹಿಡಿದಿತ್ತು.

ಊಟಕ್ಕೆ ಎಲ್ಲರೂ ಕುಳಿತರು. ಅಪ್ಪನೂ ಬಂದಿದ್ದ, ಅವನಿಗೆ ಕಾಕಾ ಹಿತ್ತಿಲಲ್ಲೇ ಎಲ್ಲ ಹೇಳಿದ್ದ. ಅವ್ವ ಹೊತ್ತಿದ ರೊಟ್ಟಿಯನ್ನು ತನಗೆಂದು ಬದಿಗಿಟ್ಟಿದ್ದಳು. ಅಜ್ಜ ಕೈಚಾಚಿ ಅದನ್ನೇ ತೆಗೆದುಕೊಂಡು ಮುರಿದ.

“ಹೊಲ ಬೇಕು ಅಂತ ನನಗ್ಯಾಕ ಹೇಳಲಿಲ್ಲ, ಲಕ್ಷ್ಮೀ?”

ಅವ್ವ ನಿಂತೇ ಇದ್ದಳು. “ನೀವು ನನ್ನ ಕೇಳಲಿಲ್ಲರಿ, ಮಾವಾರ. ಅಯ್ಯಾರನ್ನ ಕೇಳ್ಕೊಂಡ ಬಾ ಅಂದ್ರಿ.”

ಅಜ್ಜಿ ಮಜ್ಜಿಗೆ ಸುರಿದುಕೊಳ್ಳುತ್ತ ಹೇಳಿದಳು: “ನನ್ನನ್ನೂ ಯಾರೂ ಕೇಳಲಿಲ್ಲ. ಕೇಳಿದ್ರ ಅವತ್ತs ಮಾರ್ರಿ ಅಂತಿದ್ದೆ. ಈ ಮನಿ ಹೆಂಚಿನಾಗ ಇಲಿ ನೋಡಿ ನೋಡಿ ಸಾಕಾಗೈತಿ ನನಗ.”

ಅಪ್ಪ ತಾಟು ಬಿಟ್ಟು ಎದ್ದು ಹೋದ. ಕಾಕಾ ಎದ್ದಿರಲಿಲ್ಲ. ತಲೆ ತಗ್ಗಿಸಿಯೇ ಕೇಳಿದ:

“ಅದಕ್ಕs ಕೊಟ್ಟ್ರೇನು ವೈನಿ, ಆ ರೊಕ್ಕ?”

“ಹೂಂ,” ಎಂದಳು ಅವ್ವ.

ಅಪ್ಪ ಹದಿನೈದು ದಿನ ಅವ್ವನೊಡನೆ ಮಾತಾಡಲಿಲ್ಲ. ಊಟದ ಡಬ್ಬಿಯನ್ನು ನಾನು ಕಟ್ಟಿಕೊಟ್ಟರೆ ಒಯ್ಯುತ್ತಿದ್ದ, ಅವಳು ಕಟ್ಟಿದ್ದೆಂದು ತಿಳಿದರೆ ಬಿಟ್ಟು ಹೋಗುತ್ತಿದ್ದ. ಕೊನೆಗೆ ನಾನು ಕಟ್ಟಿದ್ದೆಂದು ಹೇಳಿ ಅವ್ವ ಕಟ್ಟಿದ್ದನ್ನೇ ಕೊಡತೊಡಗಿದೆ. ಕಾಕಾ ದುಡ್ಡನ್ನು ತಿರುಗಿ ಕೊಡುವ ಮಾತು ಆಡಲಿಲ್ಲ, ಅಂಗಡಿಗೆ ಹಾಕಿಬಿಟ್ಟಿದ್ದ. ಆದರೆ ರಾತ್ರಿಯ ಊಟಕ್ಕೆ ಮನೆಗೆ ಬರತೊಡಗಿದ.

ಎತ್ತು ಹೋದ ಸುದ್ದಿ ಹಿಡಿದು ಹೊಳೆಯಪ್ಪ ನಕಾಶೆ ಸಮೇತ ಬಂದ. ಅಯ್ಯನವರು ಈಗ ನಿಜವಾಗಿಯೂ ಒಪ್ಪಿದ್ದಾರೆ, ಬೇಕಾದರೆ ನೀವೇ ಕೇಳಿ ಎಂದ. ಅಜ್ಜ ಅವನನ್ನು ಕೂರಿಸಿ, ಒಳಗೆ ಕೇಳು ಎಂದ. ಹೊಳೆಯಪ್ಪ ಅಪ್ಪನನ್ನು ಹುಡುಕಿದ, ಕಾಕಾನನ್ನು ನೋಡಿದ.

“ಯಾರನ್ನ ಕೇಳ್ಲಿರಿ?”

“ಹೊಲ ಮಾಡಾಕಿನ್ನ.”

ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಕುಳಿತುಕೊಳ್ಳಲಿಲ್ಲ. ಬಾವಿ ಎಲ್ಲಿದೆ ಎಂದು ಕೇಳಿದಳು. ಹೊಳೆಯಪ್ಪ ನಕಾಶೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ. ಅಲ್ಲಿ ಬಾವಿ ಇರಲಿಲ್ಲ, ಉದ್ಯಾನ ಎಂದು ಬರೆದಿತ್ತು. ರಸ್ತೆ ಕಡೆಯ ಎರಡು ಎಕರೆ ತೆಗೆದುಕೊಳ್ಳಿ, ಬಾವಿಯ ಎಕರೆ ಬಿಡಿ, ಅಂಗಡಿಯೂ ಆಗಲಿ, ಟೆಂಪೋನೂ ಆಗಲಿ, ಇಲಿಯಿಲ್ಲದ ಮನೆಯೂ ಆಗಲಿ ಎಂದಳು ಅವ್ವ. ಹಾಗೆ ಮಾಡಿದರೆ ನಕಾಶೆ ಕೆಡುತ್ತದೆ, ಮೇಲಿನವರು ಒಪ್ಪುವುದಿಲ್ಲ ಎಂದು ಹೊಳೆಯಪ್ಪ ಬಹಳ ಹೇಳಿದ. ಎರಡು ಸಲ ಎದ್ದು ಲೂನಾವರೆಗೆ ಹೋಗಿ ಬಂದ. ರಸ್ತೆಗೆ ಹತ್ತಿದ್ದು ಆ ಎರಡು ಎಕರೆಯೇ ಆದ್ದರಿಂದ ಮುಂದಿನ ವಾರ ಮೇಲಿನವರು ಒಪ್ಪಿದರು. ರೇಟು ಇಳಿಸಿದರು. ಅಪ್ಪ ಅದನ್ನು ಇವತ್ತಿಗೂ ಅವ್ವನಿಗೆ ನೆನಪಿಸುತ್ತಾನೆ.

ಶಾಂತಯ್ಯನವರು ನಾಲ್ಕೂ ಎಕರೆ ಕೊಟ್ಟರು. ಗುರುಪಾದ ಅದರಲ್ಲೇ ಎರಡು ಪ್ಲಾಟು ಹಿಡಿದು ಮನೆ ಕಟ್ಟಿಸಿದ. ಮನೆಯ ಹಿಂದೆ ಎತ್ತು ಕಟ್ಟಲು ಜಾಗವಿರಲಿಲ್ಲವಾದ್ದರಿಂದ ಮಾಣಿಕನನ್ನು ನಮ್ಮಲ್ಲಿ ಬಿಟ್ಟರು. ಒಂದೆತ್ತಿನ ಕುಂಟೆ ಮಾಡಿಸಿ ಅವ್ವ ಅದನ್ನು ಹೂಡುತ್ತಾಳೆ. ಹೆಣ್ಣು ಕುಂಟೆ ಹಿಡಿದದ್ದನ್ನು ನೋಡಲು ಬಡಾವಣೆಯ ಮಕ್ಕಳು ಬರುತ್ತಾರೆ. ಜೋಡಿಯಿಲ್ಲದ ಮಾಣಿಕ ಎಡಕ್ಕೆ ಎಳೆಯುತ್ತದೆ. ಸಾಲು ನೆಟ್ಟಗೆ ಬರುವುದಿಲ್ಲ.

ಕಾಕಾನ ಮದುವೆಯೂ ಆಗಿ, ಅದರ ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಶರಣವ್ವ ಬಾವಿಯ ಹತ್ತಿರ ಬಂದರು. ಅವರು ಹಾಗೆ ಬಂದದ್ದು ಹೊಲ ಹೋದ ಮೇಲೆ ಅದೇ ಮೊದಲು. ಮಾಣಿಕ ಹಗ್ಗ ಜಗ್ಗಿ ಕತ್ತು ಚಾಚಿತು. ಅವರು ಅದರ ಕೊರಳಡಿಯ ಗಂಗೆದೊಗಲು ನೇವರಿಸಿದರು. ಒಂದು ಸೂಡು ಮೆಂತ್ಯ ಬೇಕು ಎಂದರು. ಅವ್ವ ಕಿತ್ತು, ಬೇರಿನ ಮಣ್ಣು ತೊಳೆದು, ಕಟ್ಟಿಕೊಟ್ಟಳು. ಶರಣವ್ವ ಸೆರಗಿನ ಗಂಟು ಬಿಚ್ಚಿದರು. ಅವ್ವ ಬೇಡವೆಂದು ಕೈ ಅಡ್ಡ ತಂದಳು.

“ನಿಮ್ಮನ್ನ ಕೇಳಲಿಲ್ಲೇನ್ರಿ ಅಮ್ಮಾರ, ಅಯ್ಯಾರು?” ಎಂದಳು.

“ಕಾಗದಕ್ಕ ಸಹಿ ಮಾಡು ಅಂದ್ರು, ಮಾಡಿದೆ.” ಶರಣವ್ವ ಅವ್ವನ ಕೈ ಸರಿಸಿದರು. “ತಾರಾಬಾಯಿಗೆ ಎಷ್ಟ ಹೇಳ್ತಿ, ಅಷ್ಟs ಹೇಳು ನನಗ.”

ಅವ್ವ ಕೈ ಹಿಂದಕ್ಕೆ ತೆಗೆದು ರೇಟು ಹೇಳಿದಳು. ಶರಣವ್ವ ಚೌಕಾಸಿ ಮಾಡಲಿಲ್ಲ. ದುಡ್ಡನ್ನು ಬಾವಿಯ ಕಟ್ಟೆಯ ಮೇಲಿಟ್ಟು, ಸೂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮನೆಗೆಂದು ತಮ್ಮ ಹೊಲವಿದ್ದ ಕಡೆಗೆ ನಡೆದರು. ಮೂರನೆಯ ಅಡ್ಡರಸ್ತೆಯ ಮೂಲೆಯಲ್ಲಿ ನಿಂತರು. ಮನೆಗಳೆಲ್ಲ ಒಂದೇ ಥರ ಇದ್ದವು. ಒಂದು ಗಳಿಗೆ ಆ ಕಡೆ ಈ ಕಡೆ ನೋಡಿ, ಆಮೇಲೆ ಎಡಕ್ಕೆ ತಿರುಗಿದರು.